ಕ್ಯಾನ್ಸರ್ ರೋಗದಲ್ಲಿ ಮೈಟೊಕಾಂಡ್ರಿಯದ ಡಿ.ಎನ್.ಎ. ಉತ್ಪರಿವರ್ತನೆಗಳ ಪಾತ್ರ

ಕಲಬುರಗಿ ಜಿಲ್ಲೆಯ ಶಹಾಬಾದ, ಭಂಕೂರ, ವಾಡಿ, ಚಿತ್ತಾಪುರ, ಸೇಡಂ ಮೊದಲಾದ ಊರುಗಳ ಸೀಮೆಯಲ್ಲಿ ಭೀಮಾ ಶಿಲಾಸಮೂಹಕ್ಕೆ ಸೇರಿದ ಸುಣ್ಣದ ಕಲ್ಲು ನೆಲದಡಿಯಲ್ಲಿ ಪದರುಪದರಾಗಿ ಹರಡಿಕೊಂಡಿದೆ. ಮನೆಗಳಿಗೆ ಹಾಸುವ ಪರಸಿಯೂ ಕಾರಖಾನೆಗಳ ಸಿಮೆಂಟೂ ಇದರಿಂದಲೇ ಆಗುವುವು. ಸುಣ್ಣಕ್ಕೆ ಈ ಸೀಮೆಯ ಜನಜೀವನದಲ್ಲಿ ಇನ್ನೊಂದು ಸ್ಥಾನವೂ ಉಂಟು. ಗಣಿಯಲ್ಲಿ ದುಡಿಯುವವರಾಗಲಿ ಹೊಲದಲ್ಲಿ ದುಡಿಯುವವರಾಗಲಿ ಅಂಗೈಯಲ್ಲಿ ತಂಬಾಕಿಗೆ ಸುಣ್ಣವನ್ನು ಸೇರಿಸಿ ತಿಕ್ಕಿ ತುಟಿಯ ಒಳಗಿಡುವುದು, ಎಲೆಗೆ ಸುಣ್ಣ ಹಚ್ಚಿ ಅಡಿಕೆಯೊಡನೆ ದವಡೆಯಲ್ಲಿಟ್ಟುಕೊಳ್ಳುವುದು ಇಲ್ಲಿಯೂ ಬಹುಕಾಲದ ರೂಢಿ. 2016-17ರ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 16 ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರು. ಗುಟ್ಕಾವನ್ನು ರಾಜ್ಯ ಸರಕಾರವು 2013ರಲ್ಲಿ ನಿಷೇಧಿಸಿತು. ತಂಬಾಕು ಬೆರೆತ ತಾಂಬೂಲವು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1985ರಲ್ಲಿಯೇ ನಿರ್ಣಯಿಸಿತ್ತು. ತಂಬಾಕಿಲ್ಲದ ಅಡಿಕೆಯೂ ಹಾಗೆಯೇ ಎಂದು 2004ರಲ್ಲಿ ಸಾರಿತು. ಬಾಯಿಯ ಕ್ಯಾನ್ಸರಿನ ಕಾರಣವು ಇಷ್ಟರ ಮಟ್ಟಿಗೆ ಸ್ಪಷ್ಟವಾಗಿರುವಾಗ, ಈ ಪದಾರ್ಥಗಳು ಜೀವಕೋಶದ ಯಾವ ಭಾಗವನ್ನು ಕೆಡಿಸಿ ರೋಗವನ್ನು ಹುಟ್ಟಿಸುತ್ತವೆ ಎಂಬ ಪ್ರಶ್ನೆ ಉಳಿಯುತ್ತದೆ. ಕೆಲವು ದಶಕಗಳಿಂದ ಈ ಸಂದರ್ಭದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವ ಹೆಸರು ಮೈಟೊಕಾಂಡ್ರಿಯ. ಅದರ ಮೇಲೆ ಹೊರಿಸಲಾದ ಆಪಾದನೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಆಪಾದನೆ ಹೊಸದಲ್ಲ. ಗಡ್ಡೆಯ ಅಂಗಾಂಶವು ಆಮ್ಲಜನಕ ಧಾರಾಳವಾಗಿ ದೊರೆಯುತ್ತಿದ್ದರೂ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತದೆ ಎಂಬುದನ್ನು 1920ರ ದಶಕದಲ್ಲಿ ಜರ್ಮನಿಯ ಆಟೊ ವಾರ್ಬುರ್ಗ್ ಕಂಡುಹಿಡಿದನು. 1931ರಲ್ಲಿ ಅವನಿಗೆ ದೊರೆತ ನೊಬೆಲ್ ಪಾರಿತೋಷಕವು ಉಸಿರಾಟದ ಕಿಣ್ವವನ್ನು ಕುರಿತ ಕೆಲಸಕ್ಕಾಗಿ. ಆದರೂ ಅವನ ಹೆಸರು ಇಂದು ನಿಂತಿರುವುದು ಗಡ್ಡೆಯ ಈ ಹುದುಗುವಿಕೆಯಿಂದ. ಕೋಶದ ಉಸಿರಾಟಕ್ಕೆ ಒದಗಿದ ಸರಿಪಡಿಸಲಾಗದ ಪೆಟ್ಟೇ ಕ್ಯಾನ್ಸರಿನ ಮೂಲ ಎಂದು ಅವನು 1956ರಲ್ಲಿ ಬರೆದನು. ಆಗ ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಡಿ.ಎನ್.ಎ. ಇದೆಯೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ದಂಪತಿಗಳು ಕೋಳಿಯ ಭ್ರೂಣದ ಕೋಶಗಳಲ್ಲಿ ಗುರುತಿಸಿದ್ದು 1963ರಲ್ಲಿ. ಹೀಗಾಗಿ ವಾರ್ಬುರ್ಗನ ವಾದಕ್ಕೆ ಬೇಕಾಗಿದ್ದ ಕಾಯಂ ಪೆಟ್ಟಿನ ಸ್ಥಾನವು ಏಳು ವರ್ಷಗಳ ಅನಂತರ ತಾನಾಗಿಯೇ ಒದಗಿ ಬಂದಂತಾಯಿತು.

ಈ ಡಿ.ಎನ್.ಎ.ಯ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಮುಂದಿನ ತೊಡಕುಗಳೆಲ್ಲ ಇದರಿಂದಲೇ ಹುಟ್ಟುವುವು. ಮಾನವನಲ್ಲಿ ಇದು 16,569 ಪ್ರತ್ಯಾಮ್ಲಜೋಡಿಗಳ ಒಂದು ಪುಟ್ಟ ಬಳೆ. ಕೋಶಕೇಂದ್ರದ ಮುನ್ನೂರು ಕೋಟಿಗೂ ಮಿಕ್ಕ ಜೋಡಿಗಳ ಮುಂದೆ ಇದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಇದರಲ್ಲಿ 37 ಜೀನುಗಳಿವೆ. ಅವುಗಳಲ್ಲಿ 24 ಜೀನುಗಳು ಮೈಟೊಕಾಂಡ್ರಿಯದೊಳಗೇ ಪ್ರೋಟೀನು ಕಟ್ಟುವ ಕೆಲಸಕ್ಕೆ ಬೇಕಾದ ಆರ್.ಎನ್.ಎ.ಗಳಿಗೆ ಮೀಸಲು, ಉಳಿದ 13 ಜೀನುಗಳಿಂದ ಹುಟ್ಟುವ ಪ್ರೋಟೀನುಗಳು ಉಸಿರಾಟದ ಸರಪಣಿಯ ಭಾಗಗಳು. ಈ ಹದಿಮೂರರಲ್ಲಿ ಏಳು ಸರಪಣಿಯ ಮೊದಲನೆಯ ಸಂಕೀರ್ಣಕ್ಕೆ, ಒಂದು ಮೂರನೆಯದಕ್ಕೆ, ಮೂರು ನಾಲ್ಕನೆಯದಕ್ಕೆ, ಎರಡು ಕೊನೆಯಲ್ಲಿ ಎ.ಟಿ.ಪಿ.ಯನ್ನು ತಯಾರಿಸುವ ಕಿಣ್ವಕ್ಕೆ ಸೇರುವುವು. ಎರಡನೆಯ ಸಂಕೀರ್ಣಕ್ಕೆ ಇಲ್ಲಿಂದ ಯಾವ ಪಾಲೂ ಇಲ್ಲ. ಅದರ ಎಲ್ಲ ಭಾಗಗಳಿಗೂ ಕೋಶಕೇಂದ್ರವೇ ಆಧಾರ. ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಕೋಶಕೇಂದ್ರದ ಒಂದೊಂದು ಜೀನಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು ಮಾತ್ರ. ಮೈಟೊಕಾಂಡ್ರಿಯದ ಡಿ.ಎನ್.ಎ.ಯಾದರೋ ಒಂದೇ ಕೋಶದಲ್ಲಿ ನೂರಾರು, ಅನೇಕ ವೇಳೆ ಸಾವಿರಾರು ಪ್ರತಿಗಳಲ್ಲಿರುತ್ತದೆ. ಮತ್ತು ಅದು ತಾಯಿಯಿಂದ ಮಾತ್ರ ಬರುತ್ತದೆ. ಒಂದು ಪ್ರತಿಯಲ್ಲಿ ಉತ್ಪರಿವರ್ತನೆಯಾದರೆ ಕೋಶಕ್ಕೆ ಅದರ ಅರಿವೂ ಆಗುವುದಿಲ್ಲ. ಸಾವಿರ ಕೂಲಿಗಳಿರುವ ಗಣಿಯಲ್ಲಿ ಒಬ್ಬನು ಕೆಲಸ ತಪ್ಪಿಸಿದಂತೆ. ಕೆಟ್ಟ ಪ್ರತಿಗಳ ಪ್ರಮಾಣ ಒಂದು ಮಿತಿಯನ್ನು ದಾಟಿದಾಗಲೇ ಉಸಿರಾಟಕ್ಕೆ ಕುಂದು ಬರುವುದು. ಆದುದರಿಂದ ಇಲ್ಲಿ ಉತ್ಪರಿವರ್ತನೆ ಇದೆಯೇ ಇಲ್ಲವೇ ಎಂದು ಕೇಳಿದರೆ ಸಾಲದು. ನೂರಕ್ಕೆ ಎಷ್ಟು ಪ್ರತಿಗಳಲ್ಲಿ ಎಂದೂ ಕೇಳಬೇಕು. ನಮ್ಮ ಪಠ್ಯಪುಸ್ತಕಗಳು ಈ ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

1998ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪೊಲ್ಯಾಕ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಕ್ಯಾನ್ಸರಿನ ಹತ್ತು ಕೋಶವಂಶಗಳನ್ನು ಪರೀಕ್ಷಿಸಿ ಏಳರಲ್ಲಿ ಮೈಟೊಕಾಂಡ್ರಿಯದ ಉತ್ಪರಿವರ್ತನೆಗಳನ್ನು ಕಂಡರು. ಅವುಗಳಲ್ಲಿ ಹೆಚ್ಚಿನವು ಕೋಶದ ಎಲ್ಲ ಪ್ರತಿಗಳಲ್ಲಿಯೂ ವ್ಯಾಪಿಸಿದ್ದವು. ಸಾವಿರದಲ್ಲಿ ಒಂದಾಗಿ ಹುಟ್ಟಿದ ಬದಲಾವಣೆ ಸಾವಿರಕ್ಕೆ ಸಾವಿರವನ್ನೂ ಆಕ್ರಮಿಸಬೇಕಾದರೆ ಅದರಿಂದ ಗಡ್ಡೆಗೆ ಏನೋ ಲಾಭವಿರಲೇಬೇಕು ಎಂದು ಅನೇಕರು ಊಹಿಸಿದರು. ಊಹೆ ಆಕರ್ಷಕವಾಗಿತ್ತು, ಆದರೆ ಅವಶ್ಯವಾಗಿರಲಿಲ್ಲ. 2001ರಲ್ಲಿ ಕಾಲರ್ ಮತ್ತು ಸಂಗಡಿಗರು ಗಣಿತದ ಮಾದರಿಯೊಂದನ್ನು ರಚಿಸಿ, ಕೋಶವು ನೂರಾರು ಸಲ ವಿಭಜನೆ ಹೊಂದುವಾಗ ಪ್ರತಿಗಳು ಕುರುಡಾಗಿ ಹಂಚಿಹೋಗುವುದರಿಂದಲೇ, ಯಾವ ಲಾಭವೂ ಇಲ್ಲದೆ, ಒಂದು ಬದಲಾವಣೆ ಪೂರ್ಣ ವ್ಯಾಪ್ತಿಯನ್ನು ಪಡೆಯಬಲ್ಲುದೆಂದು ತೋರಿಸಿದರು. ಹುಟ್ಟಿನಲ್ಲಿ ಒಂದೇ ಕೋಶದಿಂದ ಬೆಳೆದ ಗಡ್ಡೆಯಲ್ಲಿ ಆ ಕೋಶದ ಗುರುತೇ ಎಲ್ಲೆಡೆ ಕಾಣುವುದು ಆಶ್ಚರ್ಯವಲ್ಲ.

ಗುರುತು ಎಂದ ಮೇಲೆ ಅದರ ಉಪಯೋಗವನ್ನೂ ಹೇಳಬೇಕು. 2000ದಲ್ಲಿ ಫ್ಲಿಸ್ ಮತ್ತು ಸಂಗಡಿಗರು ಮೂತ್ರಕೋಶ, ಶ್ವಾಸಕೋಶ ಮತ್ತು ತಲೆ-ಕತ್ತಿನ ಭಾಗದ ಗಡ್ಡೆಗಳಲ್ಲಿ ಕಂಡ ಬದಲಾವಣೆಗಳನ್ನು ಅದೇ ರೋಗಿಗಳ ಮೂತ್ರ, ಶ್ವಾಸಕೋಶವನ್ನು ತೊಳೆದು ತೆಗೆದ ದ್ರವ ಮತ್ತು ಎಂಜಲಿನಲ್ಲಿಯೂ ಹುಡುಕಿ ಕಂಡರು. ಕೋಶಕೇಂದ್ರದ ಪಿ 53 ಜೀನಿನ ಕೆಟ್ಟ ಪ್ರತಿಗಿಂತ ಮೈಟೊಕಾಂಡ್ರಿಯದ ಕೆಟ್ಟ ಪ್ರತಿಗಳು ಆ ದ್ರವಗಳಲ್ಲಿ 19ರಿಂದ 220 ಪಟ್ಟು ಹೆಚ್ಚಾಗಿದ್ದವು. ಕಾರಣವು ಸರಳ: ಪ್ರತಿಗಳ ಸಂಖ್ಯೆಯೇ ಹೆಚ್ಚು. ಎಂಜಲಿನ ಒಂದು ಹನಿಯಿಂದ ಬಾಯಿಯ ಗಡ್ಡೆಯ ಸುಳಿವು ಸಿಗುವಂತಾದರೆ ನಮ್ಮ ಸೀಮೆಗೆ ಅದು ಚಿಕ್ಕ ಲಾಭವಲ್ಲ. ಆದರೆ ವಯಸ್ಸಾದಂತೆ ಆರೋಗ್ಯವಂತರ ಅಂಗಾಂಶಗಳಲ್ಲಿಯೂ ಇಂಥ ಬದಲಾವಣೆಗಳು ಸಂಗ್ರಹವಾಗುತ್ತವೆ; ಆದುದರಿಂದ ಗುರುತು ಕಂಡ ಮಾತ್ರಕ್ಕೆ ರೋಗವೆಂದು ಹೇಳಲಾಗದು.

ಇನ್ನು ಸುಣ್ಣ, ಅಡಿಕೆ ಮತ್ತು ತಂಬಾಕಿನ ವಿಚಾರ. ಸುಣ್ಣವು ಬಾಯಿಯ ರಸವನ್ನು ಕ್ಷಾರವಾಗಿಸುತ್ತದೆ. ಅಡಿಕೆಯಲ್ಲಿರುವ ಒಗರಿನ ಪಾಲಿಫೀನಾಲ್‌ಗಳು ಕ್ಷಾರದಲ್ಲಿ ತಾವಾಗಿಯೇ ಉತ್ಕರ್ಷಣ ಹೊಂದುತ್ತವೆ. ಆಗ ಸೂಪರ್ ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್ ಮೊದಲಾದ ಉಗ್ರ ಪದಾರ್ಥಗಳು ಹುಟ್ಟುತ್ತವೆ. ಇವು ಡಿ.ಎನ್.ಎ.ಯ ಗ್ವಾನೀನನ್ನು ಕೆಡಿಸುತ್ತವೆ; ಕೆಟ್ಟ ಗ್ವಾನೀನು ತನ್ನ ಸಹಜವಾದ ಜೊತೆಗಾರ ಸೈಟೊಸೀನನ್ನು ಬಿಟ್ಟು ಅಡಿನೀನಿನೊಡನೆ ಜೊತೆಯಾಗುತ್ತದೆ; ಮುಂದಿನ ಪ್ರತಿಯಲ್ಲಿ ಗ್ವಾನೀನಿದ್ದಲ್ಲಿ ಥೈಮೀನು ಬಂದು ಕೂರುತ್ತದೆ. ತಂಬಾಕಿನ ನೈಟ್ರೊಸಮೀನುಗಳದು ಬೇರೊಂದು ದಾರಿ. ಮೈಟೊಕಾಂಡ್ರಿಯದ ಡಿ.ಎನ್.ಎ.ಗೆ ಹಿಸ್ಟೋನುಗಳ ಹೊದಿಕೆಯಿಲ್ಲ. ದೊಡ್ಡ ಗಾಯಗಳನ್ನು ಕತ್ತರಿಸಿ ಸರಿಪಡಿಸುವ, ಕೋಶಕೇಂದ್ರದಲ್ಲಿರುವಂಥ ವ್ಯವಸ್ಥೆಯೂ ಅಲ್ಲಿಲ್ಲ. ಹೀಗಿರುವಾಗ ಅಡಿಕೆ ತಂಬಾಕುಗಳ ಹೊಡೆತವು ಮೊದಲು ಬೀಳಬೇಕಾದದ್ದು ಇದರ ಮೇಲೆಯೇ ಎಂದು ತರ್ಕಿಸುವುದು ಸಹಜ. ಎಷ್ಟೋ ಪ್ರಬಂಧಗಳ ಪೀಠಿಕೆಗಳು ಈ ತರ್ಕದಿಂದಲೇ ಆರಂಭವಾಗುತ್ತವೆ.

ಪ್ರಕೃತಿಯು ಈ ತರ್ಕವನ್ನು ಒಪ್ಪಿದಂತೆ ಕಾಣುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನದಲ್ಲಿ ಜು ಮತ್ತು ಸಂಗಡಿಗರು 1,675 ರೋಗಿಗಳ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಪೂರ್ಣವಾಗಿ ಓದಿ 1,907 ಬದಲಾವಣೆಗಳನ್ನು ಕಂಡರು. ಗಡ್ಡೆಗೆ ಸರಾಸರಿ ಒಂದಕ್ಕಿಂತ ತುಸು ಹೆಚ್ಚು. ಸಂಖ್ಯೆಗಿಂತಲೂ ಬದಲಾವಣೆಗಳ ಜಾತಿ ಮುಖ್ಯವಾದದ್ದು. ಗ್ವಾನೀನಿದ್ದಲ್ಲಿ ಥೈಮೀನು ಬರುವ ಉತ್ಕರ್ಷಣದ ಗುರುತು ಅಲ್ಲಿ ಪ್ರಧಾನವಾಗಿರಲಿಲ್ಲ. ಇದ್ದದ್ದು ಬಹುತೇಕ ಸೈಟೊಸೀನಿದ್ದಲ್ಲಿ ಥೈಮೀನು, ಅಡಿನೀನಿದ್ದಲ್ಲಿ ಗ್ವಾನೀನು. ಅದೂ ಬಳೆಯ ಎರಡು ಎಳೆಗಳಲ್ಲಿ ಭಾರವಾದ ಎಳೆಯ ಕಡೆಗೇ ವಾಲಿ. ಮನುಷ್ಯಕುಲದ ವಿಕಾಸದಲ್ಲಿ ತಾಯಿಯಿಂದ ಮಕ್ಕಳಿಗೆ ಇಳಿದು ಬಂದಿರುವ ಬದಲಾವಣೆಗಳ ಮಾದರಿಯೂ ಇದೇ. ಅಂದರೆ ಇದು ಡಿ.ಎನ್.ಎ. ತನ್ನನ್ನು ತಾನು ಪ್ರತಿ ಮಾಡಿಕೊಳ್ಳುವಾಗ ಸಂಭವಿಸುವ ತಪ್ಪುಗಳ ಗುರುತು. ಬೀಡಿ ಸಿಗರೇಟುಗಳ ಹೊಗೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೋಶಕೇಂದ್ರದ ಡಿ.ಎನ್.ಎ.ಯ ಮೇಲೆ ತನ್ನ ಬೆರಳಚ್ಚನ್ನು ಎದ್ದು ಕಾಣುವಂತೆ ಒತ್ತಿಹೋಗುತ್ತದೆ. ಅದೇ ಕೋಶದ ಮೈಟೊಕಾಂಡ್ರಿಯದಲ್ಲಿ ಅದರ ಸುಳಿವೇ ಸಿಗಲಿಲ್ಲ. ತೀವ್ರವಾಗಿ ಗಾಯಗೊಂಡ ಪ್ರತಿಗಳನ್ನು ಸರಿಪಡಿಸುವ ಗೋಜಿಗೇ ಹೋಗದೆ ಕೋಶವು ನಾಶಮಾಡಿ, ಉಳಿದ ಒಳ್ಳೆಯ ಪ್ರತಿಗಳಿಂದ ಹೊಸವನ್ನು ಮಾಡಿಕೊಳ್ಳಬಲ್ಲುದು ಎಂಬುದು ಇದಕ್ಕೊಂದು ಸಮಾಧಾನ. ಸಾವಿರ ಪ್ರತಿಗಳಿರುವವರಿಗೆ ಈ ದುಂದು ಸಾಧ್ಯ; ಎರಡೇ ಪ್ರತಿಗಳಿರುವ ಕೋಶಕೇಂದ್ರಕ್ಕೆ ಸಾಧ್ಯವಿಲ್ಲ.

ಬಾಯಿಯ ಅಂಗಾಂಶದಿಂದಲೇ ದೊರೆತ ಒಂದು ಪುರಾವೆಯನ್ನೂ ಇಲ್ಲಿ ಹೇಳಬಹುದು. ತಾಂಬೂಲ ಸೇವನೆ ವಿಪುಲವಾಗಿರುವ ತೈವಾನಿನಲ್ಲಿ 2001ರಲ್ಲಿ ನಡೆದ ಅಧ್ಯಯನದಲ್ಲಿ 4,977 ಪ್ರತ್ಯಾಮ್ಲಜೋಡಿಗಳ ಒಂದು ತುಂಡು ಕಳಚಿಹೋದ ಪ್ರತಿಗಳನ್ನು ಎಣಿಸಿದರು. ತಾಂಬೂಲ ಜಗಿಯುವವರ ಬಾಯಿಯಲ್ಲಿ, ಗಡ್ಡೆಯಾಗದ ಭಾಗದಲ್ಲಿ, ಇಂಥ ಪ್ರತಿಗಳು ಜಗಿಯದವರಿಗಿಂತ ಹೆಚ್ಚಾಗಿದ್ದವು. ಆದರೆ ಅದೇ ರೋಗಿಯ ಗಡ್ಡೆಯೊಳಗೆ ಕಡಿಮೆಯಾಗಿದ್ದವು. ತಾಂಬೂಲವು ಮೈಟೊಕಾಂಡ್ರಿಯವನ್ನು ನೋಯಿಸುವುದು ನಿಜ. ನೊಂದ ಪ್ರತಿಗಳನ್ನು ಗಡ್ಡೆ ಇಟ್ಟುಕೊಳ್ಳಲಿಲ್ಲ ಎಂಬುದೂ ಅಷ್ಟೇ ನಿಜ.

ಇದು ವಾರ್ಬುರ್ಗನ ಮಾತಿಗೆ ನೇರವಾಗಿ ವಿರುದ್ಧವಾದುದು. ಇನ್ನೂ ಪ್ರಬಲವಾದ ವಿರೋಧ ನ್ಯೂಜಿಲೆಂಡಿನಿಂದ ಬಂದಿತು. ಬೆರಿಜ್ ಮತ್ತು ಅವನ ಸಂಗಡಿಗರು ಇಲಿಯ ಕ್ಯಾನ್ಸರ್ ಕೋಶಗಳಿಂದ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಪೂರ್ತಿ ತೆಗೆದುಹಾಕಿ ಇಲಿಗಳಿಗೆ ಚುಚ್ಚಿದರು. ವಾರ್ಬುರ್ಗನ ಲೆಕ್ಕದಲ್ಲಿ ಉಸಿರಾಟವೇ ಇಲ್ಲದ ಈ ಕೋಶಗಳು ಭೀಕರವಾದ ಗಡ್ಡೆಗಳಾಗಬೇಕಿತ್ತು. ಆದದ್ದು ಬೇರೆ: ಗಡ್ಡೆ ಬಹಳ ತಡವಾಗಿ ಬೆಳೆಯಿತು; ಬೆಳೆದ ಗಡ್ಡೆಯನ್ನು ಪರೀಕ್ಷಿಸಿದರೆ ಅದರ ಕೋಶಗಳಲ್ಲಿ ಆಶ್ರಯ ಕೊಟ್ಟ ಇಲಿಯದೇ ಮೈಟೊಕಾಂಡ್ರಿಯದ ಡಿ.ಎನ್.ಎ. ಬಂದು ಸೇರಿತ್ತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶವು ಗಡ್ಡೆಗೂ ಉಸಿರಾಟ ಬೇಕು, ಇಲ್ಲದಿದ್ದರೆ ಅದು ನೆರೆಮನೆಯಿಂದ ಕಡ ತಂದಾದರೂ ಕೂಡಿಸಿಕೊಳ್ಳುತ್ತದೆ ಎಂಬುದನ್ನು ತೋರಿಸಿತು. ಈ ಅಗತ್ಯವು ಎ.ಟಿ.ಪಿ.ಗಾಗಿ ಎನ್ನುವುದಕ್ಕಿಂತ ಹೊಸ ಡಿ.ಎನ್.ಎ.ಗೆ ಬೇಕಾದ ಪಿರಿಮಿಡೀನುಗಳನ್ನು ಮಾಡಿಕೊಳ್ಳುವುದಕ್ಕಾಗಿ ಎಂಬುದು 2019ರಲ್ಲಿ ವ್ಯಕ್ತವಾಯಿತು.

ಹಾಗಾದರೆ ಮೈಟೊಕಾಂಡ್ರಿಯದ ಉತ್ಪರಿವರ್ತನೆಗಳು ಸಂಪೂರ್ಣ ನಿರಪರಾಧಿಗಳೇ? ಹಾಗೆಂದು ಬಿಟ್ಟುಬಿಡುವಂತಿಲ್ಲ. 2005ರಲ್ಲಿ ಪೆಟ್ರೋಸ್ ಮತ್ತು ಸಂಗಡಿಗರು ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳಿಗೆ 8993ನೆಯ ಸ್ಥಾನದಲ್ಲಿ ಕೆಟ್ಟಿರುವ ಮೈಟೊಕಾಂಡ್ರಿಯವನ್ನು ಸೇರಿಸಿ ಇಲಿಗಳಿಗೆ ಚುಚ್ಚಿದಾಗ, ಒಳ್ಳೆಯ ಮೈಟೊಕಾಂಡ್ರಿಯವುಳ್ಳ ಅದೇ ಕೋಶಗಳಿಗಿಂತ ಏಳು ಪಟ್ಟು ದೊಡ್ಡ ಗಡ್ಡೆಗಳಾದವು. 2008ರಲ್ಲಿ ಜಪಾನಿನ ಇಶಿಕಾವ, ಹಯಾಶಿ ಮೊದಲಾದವರ ಪ್ರಯೋಗ ಇನ್ನೂ ಅಂದವಾದುದು. ಇಲಿಯ ಶ್ವಾಸಕೋಶದ ಕ್ಯಾನ್ಸರಿನ ಎರಡು ಕೋಶವಂಶಗಳಲ್ಲಿ ಒಂದು ದೇಹದಲ್ಲಿ ಬೇಗ ಹರಡುವಂಥದು, ಇನ್ನೊಂದು ಅಷ್ಟಾಗಿ ಹರಡದು. ಇವೆರಡರ ಮೈಟೊಕಾಂಡ್ರಿಯದ ಡಿ.ಎನ್.ಎ.ಗಳನ್ನು ಪರಸ್ಪರ ಬದಲಾಯಿಸಿದಾಗ ಹರಡುವ ಗುಣವು ಕೋಶಕೇಂದ್ರದ ಜೊತೆಯಲ್ಲಿ ಉಳಿಯದೆ ಮೈಟೊಕಾಂಡ್ರಿಯದ ಜೊತೆಯಲ್ಲಿಯೇ ಹೋಯಿತು. ಮೊದಲನೆಯ ಸಂಕೀರ್ಣದ ಒಂದು ಜೀನಿನಲ್ಲಿದ್ದ ದೋಷದಿಂದ ಉಗ್ರ ಆಮ್ಲಜನಕ ಪದಾರ್ಥಗಳು ಹೆಚ್ಚಾಗಿ ಹುಟ್ಟುತ್ತಿದ್ದುದೇ ಇದಕ್ಕೆ ಕಾರಣ. ಅವುಗಳನ್ನು ತಣಿಸುವ ಔಷಧವನ್ನು ಮೊದಲೇ ಕೊಟ್ಟರೆ ಹರಡುವಿಕೆ ತಗ್ಗಿತು. ಇಲ್ಲಿ ದೋಷವು ಕ್ಯಾನ್ಸರನ್ನು ಹುಟ್ಟಿಸಲಿಲ್ಲ, ಹುಟ್ಟಿದ ಕ್ಯಾನ್ಸರಿನ ನಡತೆಯನ್ನು ಬದಲಾಯಿಸಿತು ಎಂಬ ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮನುಷ್ಯರ ಗಡ್ಡೆಗಳಲ್ಲಿಯೂ ಕೆಲವು ಅಂಗಗಳ ವಿಷಯದಲ್ಲಿ ಆಪಾದನೆ ಗಟ್ಟಿಯಾಗಿದೆ. 2020ರಲ್ಲಿ 2,658 ಗಡ್ಡೆಗಳನ್ನು ಕುರಿತು ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಪ್ರೋಟೀನನ್ನು ನಡುವೆಯೇ ತುಂಡರಿಸಿಬಿಡುವಂಥ ತೀವ್ರ ಉತ್ಪರಿವರ್ತನೆಗಳು ಮೂತ್ರಪಿಂಡ, ದೊಡ್ಡ ಕರುಳು ಮತ್ತು ಥೈರಾಯ್ಡ್ ಗ್ರಂಥಿಯ ಗಡ್ಡೆಗಳಲ್ಲಿ ಆಕಸ್ಮಿಕಕ್ಕೆ ಮೀರಿ ಕಾಣುತ್ತವೆ. ಮೈಟೊಕಾಂಡ್ರಿಯಗಳಿಂದ ಕಿಕ್ಕಿರಿದ ಕೋಶಗಳುಳ್ಳ ಆಂಕೊಸೈಟೋಮ ಎಂಬ ಗಡ್ಡೆಗಳಲ್ಲಿ ಮೊದಲನೆಯ ಸಂಕೀರ್ಣವು ಅನೇಕ ವೇಳೆ ಪೂರ್ಣವಾಗಿ ನಷ್ಟವಾಗಿರುತ್ತದೆ. ವಿಚಿತ್ರವೆಂದರೆ ಮೂತ್ರಪಿಂಡದ ಇಂಥ ಗಡ್ಡೆಗಳು ಸಾಮಾನ್ಯವಾಗಿ ಹರಡದ ಸಾಧು ಸ್ವಭಾವದವು. ಉಸಿರಾಟ ಪೂರ್ತಿ ಕೆಟ್ಟರೆ ಗಡ್ಡೆಯೂ ಸೊರಗುತ್ತದೆ, ಸ್ವಲ್ಪ ಕೆಟ್ಟರೆ ಉಗ್ರವಾಗಬಹುದು ಎಂದು ತೋರುತ್ತದೆ. ಇನ್ನು, ಈ ಮೊದಲು ನೆನಪಿನಲ್ಲಿಡಲು ಹೇಳಿದ ಎರಡನೆಯ ಸಂಕೀರ್ಣ: ಅದರ ಜೀನು ಕೆಟ್ಟರೆ ವಂಶಪಾರಂಪರ್ಯವಾಗಿ ಕತ್ತಿನ ಭಾಗದಲ್ಲಿ ಗಡ್ಡೆಗಳಾಗುತ್ತವೆಂದು 2000ದಲ್ಲಿ ಸಿದ್ಧವಾಯಿತು. ಮೈಟೊಕಾಂಡ್ರಿಯದ ಕಿಣ್ವವೊಂದು ಕ್ಯಾನ್ಸರಿಗೆ ಮೂಲವಾಗುವುದಕ್ಕೆ ದೊರೆತ ಅತ್ಯಂತ ಸ್ಪಷ್ಟವಾದ ನಿದರ್ಶನವು ಮೈಟೊಕಾಂಡ್ರಿಯದ ಡಿ.ಎನ್.ಎ.ಯಲ್ಲಿಲ್ಲ, ಕೋಶಕೇಂದ್ರದಲ್ಲಿದೆ! ಒಸಡು-ಕೆನ್ನೆಗಳ ಕ್ಯಾನ್ಸರನ್ನು ಕುರಿತು ಭಾರತೀಯ ವಿಜ್ಞಾನಿಗಳ ತಂಡವು 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿಯೂ ಪಿ 53 ಮೊದಲಾದ ಕೋಶಕೇಂದ್ರದ ಜೀನುಗಳೇ ಮುಂದೆ ನಿಂತಿವೆ.

ನಮ್ಮ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ಕೆಲಸ ಮಾಡಬಯಸುವವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದ ಸಂಗತಿ ಈಗ ಬರುತ್ತದೆ. ಒಂದು ಮೈಟೊಕಾಂಡ್ರಿಯದಲ್ಲಿ ಉತ್ಪರಿವರ್ತನೆಯಾಗಿದೆ ಎನ್ನಬೇಕಾದರೆ ಅದನ್ನು ಯಾವುದರೊಡನೆಯೋ ಹೋಲಿಸಬೇಕಷ್ಟೆ. ಲೋಕದಲ್ಲೆಲ್ಲ ಹೋಲಿಕೆಗೆ ಬಳಸುವುದು 1981ರಲ್ಲಿ ಕೇಂಬ್ರಿಜ್‌ನಲ್ಲಿ ಓದಲಾದ ಅನುಕ್ರಮವನ್ನು. ಅದು ಮುಖ್ಯವಾಗಿ ಒಬ್ಬ ಯುರೋಪಿಯನ್ ಸ್ತ್ರೀಯ ಮಾಸುಚೀಲದಿಂದ ಬಂದದ್ದು. ಕೆಲವು ಭಾಗಗಳಿಗೆ ಹಸುವಿನ ಡಿ.ಎನ್.ಎ.ಯನ್ನೂ, ಹೀಲಾ ಎಂಬ ಪ್ರಸಿದ್ಧ ಕೋಶವಂಶದ್ದನ್ನೂ ಬಳಸಿದ್ದರು. ಹೀಲಾ ಎಂಬುದು 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೆಗೆದದ್ದು! ಆರೋಗ್ಯದ ಅಳತೆಗೋಲಿನಲ್ಲಿಯೇ ಕ್ಯಾನ್ಸರಿನ ಚೂರು ಸೇರಿಕೊಂಡಿದ್ದುದನ್ನು 1999ರಲ್ಲಿ ತಿದ್ದಿದರು. ತಿದ್ದಿದ ಮೇಲೂ ಅದು ಯುರೋಪಿನ ಒಂದು ತಾಯಿವಂಶದ ಅನುಕ್ರಮವೇ. 263, 8860, 15326 ಮೊದಲಾದ ಸ್ಥಾನಗಳಲ್ಲಿ ಅದಕ್ಕೂ ಲೋಕದ ಬಹುತೇಕ ಜನರಿಗೂ ವ್ಯತ್ಯಾಸವಿದೆ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂ ಎಂಬ ತಾಯಿವಂಶದ ಗುಂಪಿಗೆ ಸೇರಿದವರು. ಅವರಲ್ಲಿ 489, 10398, 10400, 14783, 15043ನೆಯ ಸ್ಥಾನಗಳೂ ಬೇರೆ. ಹೀಗೆ ಭಂಕೂರಿನ ಆರೋಗ್ಯವಂತ ವ್ಯಕ್ತಿಯೊಬ್ಬನನ್ನು, ಅವನು ಎಂ ಗುಂಪಿನವನಾಗಿದ್ದರೆ, ಕೇಂಬ್ರಿಜ್ ಅನುಕ್ರಮದೊಡನೆ ಹೋಲಿಸಿದಾಗ ಮೂವತ್ತು ನಲವತ್ತು ವ್ಯತ್ಯಾಸಗಳು ಕಂಡೇ ಕಾಣುತ್ತವೆ. ಅವೆಲ್ಲ ಸಾವಿರಾರು ವರ್ಷಗಳಿಂದ ತಾಯಿಯಿಂದ ಮಗಳಿಗೆ ಇಳಿದು ಬಂದ ವಂಶದ ಗುರುತುಗಳು. ಆ ವ್ಯಕ್ತಿಗೆ ಬಾಯಿಯ ಕ್ಯಾನ್ಸರ್ ಬಂದಿದ್ದರೆ, ಎಚ್ಚರವಿಲ್ಲದ ಸಂಶೋಧಕನು ಆ ನಲವತ್ತನ್ನೂ ಕ್ಯಾನ್ಸರಿನ ಉತ್ಪರಿವರ್ತನೆಗಳೆಂದು ಬರೆದುಬಿಡಬಹುದು.

ಇದು ಬರಿಯ ಕಲ್ಪನೆಯಲ್ಲ. 2005ರಲ್ಲಿ ಸಾಲಾಸ್ ಮತ್ತು ಸಂಗಡಿಗರು ಕ್ಯಾನ್ಸರ್ ಮತ್ತು ಮೈಟೊಕಾಂಡ್ರಿಯದ ಮೇಲಣ ಹಲವು ಪ್ರಬಂಧಗಳನ್ನು ಮರುಪರಿಶೀಲಿಸಿ, ಗಡ್ಡೆಯದೆಂದು ಹೇಳಿದ ಬದಲಾವಣೆಗಳು ಎಷ್ಟೋ ಕಡೆ ಬೇರೊಬ್ಬರ ವಂಶದ ಗುರುತುಗಳೆಂದೂ, ಪ್ರಯೋಗಶಾಲೆಯಲ್ಲಿ ಮಾದರಿಗಳು ಅದಲುಬದಲಾದುದರ ಫಲವೆಂದೂ ತೋರಿಸಿದರು. 10398ನೆಯ ಸ್ಥಾನದ ಕಥೆ ಇನ್ನೊಂದು ಬಗೆಯದು. ಅಲ್ಲಿ ಅಡಿನೀನಿರುವ ಆಫ್ರಿಕ ಮೂಲದ ಅಮೆರಿಕನ್ ಸ್ತ್ರೀಯರಿಗೆ ಸ್ತನದ ಕ್ಯಾನ್ಸರಿನ ಅಪಾಯ ಹೆಚ್ಚೆಂದು 2005ರಲ್ಲಿ ಹೇಳಲಾಯಿತು; 2007ರಲ್ಲಿ ಭಾರತದಲ್ಲಿಯೂ ಅಂಥದೇ ಮಾತು ಬಂದಿತು; 2008ರಲ್ಲಿ ಅಮೆರಿಕದಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಸಂಬಂಧ ಕಾಣಲಿಲ್ಲ. ಇಂಥ ವಿಚಾರದಲ್ಲಿ ಅವಸರವು ಕೇವಲ ಶಾಸ್ತ್ರದೋಷವಲ್ಲ. ಈ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುವುದೆಂದು ವಿದ್ಯಾವಂತರಿಗೆಲ್ಲ ಗೊತ್ತು. ವಂಶದ ಗುರುತನ್ನೇ ರೋಗದ ಗುರುತೆಂದು ಅಚ್ಚುಮಾಡಿದರೆ, ತಂಬಾಕಿನ ಚೀಲದ ಮೇಲಿರಬೇಕಾದ ದೋಷವು ಮನೆಯ ಹೆಣ್ಣಿನ ತವರಿನ ಮೇಲೆ ಬೀಳುತ್ತದೆ. ಹೆಣ್ಣು ನೋಡಲು ಹೋದವರ ಬಾಯಲ್ಲಿ ಆ ಮಾತು ಯಾವ ರೂಪ ತಾಳುವುದೆಂದು ಹೇಳಬೇಕಾಗಿಲ್ಲ.

ಆದುದರಿಂದ ಈ ಸೀಮೆಯಲ್ಲಿ ಇಂಥ ಅಧ್ಯಯನವನ್ನು ಕೈಗೊಳ್ಳುವವರು ಗಡ್ಡೆಯ ತುಣುಕಿನೊಡನೆ ಅದೇ ರೋಗಿಯ ರಕ್ತವನ್ನೂ, ಸಾಧ್ಯವಾದರೆ ಬಾಯಿಯ ಇನ್ನೊಂದು ಪಾರ್ಶ್ವದ ಆರೋಗ್ಯದ ಚರ್ಮವನ್ನೂ ತೆಗೆದುಕೊಂಡು, ಗಡ್ಡೆಯನ್ನು ಅವುಗಳೊಡನೆಯೇ ಹೋಲಿಸತಕ್ಕದ್ದು. ಕೇಂಬ್ರಿಜ್ ಅನುಕ್ರಮವು ಸ್ಥಾನಗಳಿಗೆ ಸಂಖ್ಯೆ ಕೊಡಲು ಮಾತ್ರ ಸಾಕು. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ತಾಯಿವಂಶಗಳ ಅಧ್ಯಯನದಲ್ಲಿ ಹೆಸರಾದ ಕೋಶೀಯ ಮತ್ತು ಆಣವಿಕ ಜೀವಶಾಸ್ತ್ರ ಕೇಂದ್ರವು ಹೈದರಾಬಾದಿನಲ್ಲಿ, ರೈಲಿನಲ್ಲಿ ಕೆಲವು ಗಂಟೆಗಳ ದೂರದಲ್ಲಿದೆ. ಕೋಶಕೇಂದ್ರದ ವರ್ಣತಂತುಗಳಲ್ಲಿ ಮೈಟೊಕಾಂಡ್ರಿಯದ ಹಳೆಯ ತುಣುಕುಗಳು ಸೇರಿಕೊಂಡಿರುವುದರಿಂದ, ಪ್ರತಿ ಹೆಚ್ಚಿಸುವಾಗ ಅವೂ ಸೇರಿ ಸುಳ್ಳು ಉತ್ಪರಿವರ್ತನೆಗಳನ್ನು ತೋರಿಸದಂತೆ ನೋಡಿಕೊಳ್ಳಬೇಕು.

ರೋಗಿಗಳನ್ನೂ ಆರೋಗ್ಯವಂತರನ್ನೂ ಒಂದೇ ಹಳ್ಳಿಯಿಂದ ಆರಿಸಿದರೆ ಹೋಲಿಕೆ ಸಮವಾಗುವುದೆಂಬ ನಂಬಿಕೆ ಇಲ್ಲಿ ಸಾಲದು. ನಮ್ಮಲ್ಲಿ ಹೆಣ್ಣು ಬೇರೆ ಊರಿನಿಂದ ಸೊಸೆಯಾಗಿ ಬರುವುದೇ ಹೆಚ್ಚು. ಹೀಗಾಗಿ ಒಂದೇ ಓಣಿಯಲ್ಲಿ ಹತ್ತು ಊರುಗಳ ತಾಯಿವಂಶಗಳಿರಬಹುದು. ಮತ್ತೊಂದು ಕಡೆ, ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯೂ ಉಂಟು. ಅಂಥ ಮನೆಯಲ್ಲಿ ಗಂಡನ ಮೈಟೊಕಾಂಡ್ರಿಯದ ಡಿ.ಎನ್.ಎ. ಅವನ ತಾಯಿಯದು, ಹೆಂಡತಿಯದು ಅವಳ ತಾಯಿಯದು, ಎಂದರೆ ಗಂಡನ ಅಕ್ಕನದು, ಎಂದರೆ ಅದೇ ಅಜ್ಜಿಯದು. ಗಂಡ, ಹೆಂಡತಿ, ಮಕ್ಕಳು ಎಲ್ಲರದೂ ಒಂದೇ. ಸೋದರಮಾವನ ಮಗಳನ್ನು ಮದುವೆಯಾದಲ್ಲಿ ಹೀಗಾಗುವುದಿಲ್ಲ. ಇಂಥ ಐದಾರು ಮನೆಗಳು ಪಟ್ಟಿಯಲ್ಲಿ ಸೇರಿದರೆ ಒಂದೇ ವಂಶದ ಗುರುತು ಇಪ್ಪತ್ತು ಸಲ ಎಣಿಕೆಯಾಗಿ ಲೆಕ್ಕವೆಲ್ಲ ಕೆಡುತ್ತದೆ. ಆದುದರಿಂದ ಪ್ರಶ್ನಾವಳಿಯಲ್ಲಿ ರೋಗಿಯ ಊರು, ವಯಸ್ಸು, ತಂಬಾಕು ಜಗಿದ ವರ್ಷಗಳು ಇವುಗಳ ಜೊತೆಗೆ ಮದುವೆಯ ಸಂಬಂಧವನ್ನೂ, ತಾಯಿಯ ತಾಯಿಯ ತವರೂರನ್ನೂ ಬರೆದುಕೊಳ್ಳಲು ಒಂದೊಂದು ಕಲಮು ಇರತಕ್ಕದ್ದು.